ಇರುವ ಟ್ರಾನ್ಸ್‌ಫಾರ್ಮರಿಗೆ ಯಾವ ವಾಲ್ವ್ ಒಪ್ಪುತ್ತದೆ? 500 ವ್ಯಾಟ್ ಲೀನಿಯರ್ ಬಗ್ಗೆ ಚರ್ಚೆ

ಎಂಬತ್ತು ಮೀಟರ್:

ಎಲ್ಲರಿಗೂ ನಮಸ್ಕಾರ. ನನ್ನ 100 ವ್ಯಾಟ್ ಹವ್ಯಾಸಿ ರೇಡಿಯೋ ಟ್ರಾನ್ಸೀವರಿಗೆ (ಕಳುಹಿಸುವ, ಕೇಳುವ ಎರಡೂ ಕೆಲಸದ ಯಂತ್ರ) ಜೋಡಿಸಲು 500ರಿಂದ 600 ವ್ಯಾಟ್ ಕೊಡುವ ಲೀನಿಯರ್, ಅಂದರೆ ಸಂಕೇತದ ಶಕ್ತಿ ಹೆಚ್ಚಿಸುವ ಆಂಪ್ಲಿಫೈಯರ್ ಒಂದನ್ನು ಸ್ವತಃ ಕಟ್ಟಬೇಕೆಂದಿದ್ದೇನೆ. ನನ್ನ ಪರವಾನಗಿ ಅಷ್ಟು ಶಕ್ತಿಗೆ ಅವಕಾಶ ಕೊಡುತ್ತದೆ. 80 ಮೀಟರ್ ಬ್ಯಾಂಡಿನಿಂದ (3.5 ಮೆಗಾಹರ್ಟ್ಸ್) 10 ಮೀಟರ್ ಬ್ಯಾಂಡಿನವರೆಗೆ (28 ಮೆಗಾಹರ್ಟ್ಸ್) ಕೆಲಸ ಮಾಡಬೇಕು. ಹೆಚ್ಚಾಗಿ ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್) ಮಾತು, ಅಪರೂಪಕ್ಕೆ ಮೋರ್ಸ್.

ವರ್ಷಗಳಿಂದ ಕೂಡಿಟ್ಟ ಸಾಮಾನಿನಲ್ಲಿ ಮೂರು ದಾರಿಗಳು ಕಾಣುತ್ತಿವೆ. ಎರಡು 813 ವಾಲ್ವ್‌ಗಳಿವೆ (ನಿರ್ವಾತ ಕೊಳವೆಗಳು), ಸಾಕೆಟ್ ಸಮೇತ. ಪೆಟ್ಟಿಗೆಯನ್ನೇ ತೆರೆಯದ ಒಂದು ಜಿಯು-74ಬಿ ಇದೆ, ಆದರೆ ಅದರ ಸಾಕೆಟ್ ಇಲ್ಲ. ಸ್ನೇಹಿತರೊಬ್ಬರು ಬಳಸಿದ 3-500ಝಡ್ ಒಂದನ್ನು ಕೊಡುತ್ತೇನೆ ಎಂದಿದ್ದಾರೆ. ಕೈಯಲ್ಲಿರುವ ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ಮೇಲೆ 1750 ವೋಲ್ಟ್, 500 ಮಿಲಿಆಂಪಿಯರ್ ಎಂದು ಬರೆದಿದೆ. ಮೂರರಲ್ಲಿ ಯಾವುದನ್ನು ಆರಿಸಿಕೊಳ್ಳಲಿ? ಎರಡು 813 ಇರುವಾಗ ಬೇರೆ ಯೋಚನೆಯೇ ಬೇಡ ಎಂದು ಒಬ್ಬರು, ಜಿಯು-74ಬಿ ಬಿಟ್ಟು ಬೇರೆಯದನ್ನು ಮುಟ್ಟಬೇಡ ಎಂದು ಇನ್ನೊಬ್ಬರು ಹೇಳಿ ನನ್ನನ್ನು ಗೊಂದಲಕ್ಕೆ ಸಿಲುಕಿಸಿದ್ದಾರೆ.

ಹಳೆಯ ಬೆಸುಗೆ:

ಪ್ರಶ್ನೆಯನ್ನು ನೀವು ಚೆನ್ನಾಗಿಯೇ ಕೇಳಿದ್ದೀರಿ, ಏಕೆಂದರೆ ಟ್ರಾನ್ಸ್‌ಫಾರ್ಮರಿನ ವಿವರವನ್ನೂ ಕೊಟ್ಟಿದ್ದೀರಿ. ಬಹಳ ಮಂದಿ ವಾಲ್ವ್ ಹೆಸರಷ್ಟನ್ನೇ ಹೇಳಿ ಅಭಿಪ್ರಾಯ ಕೇಳುತ್ತಾರೆ. ನನ್ನ ಅನುಭವದಲ್ಲಿ ವಾಲ್ವ್ ಆಯ್ಕೆ ಕೊನೆಗೆ ಬರುವ ಕೆಲಸ. ಟ್ರಾನ್ಸ್‌ಫಾರ್ಮರ್, ಸಾಕೆಟ್, ಟ್ರಾನ್ಸೀವರ್ ಕೊಡುವ ಡ್ರೈವ್ (ಇನ್‌ಪುಟ್ ಶಕ್ತಿ), ಟ್ಯಾಂಕ್ ಸರ್ಕ್ಯೂಟಿಗೆ (ಔಟ್‌ಪುಟ್ಟನ್ನು ಬ್ಯಾಂಡಿಗೆ ಹೊಂದಿಸುವ ಭಾಗ) ಸಿಕ್ಕ ವೇರಿಯಬಲ್ ಕಪಾಸಿಟರ್, ಈ ನಾಲ್ಕನ್ನು ಮೇಜಿನ ಮೇಲೆ ಇಟ್ಟರೆ ಯಾವ ವಾಲ್ವ್ ಎಂಬುದು ಹೆಚ್ಚುಕಡಿಮೆ ತಾನಾಗಿಯೇ ಗೊತ್ತಾಗುತ್ತದೆ.

1750 ವೋಲ್ಟನ್ನು ಬ್ರಿಜ್ ರೆಕ್ಟಿಫೈಯರ್ ಮೂಲಕ ಕಪಾಸಿಟರಿಗೆ ಕೊಟ್ಟರೆ ಲೋಡ್ ಇಲ್ಲದಾಗ 1750ರ 1.414 ಪಟ್ಟು, ಅಂದರೆ ಸುಮಾರು 2475 ವೋಲ್ಟ್ ಡಿಸಿ ಬರುತ್ತದೆ. ಪೂರ್ತಿ ಲೋಡಿನಲ್ಲಿ ಅದು 2300ರ ಆಸುಪಾಸಿಗೆ ಇಳಿಯುತ್ತದೆ ಎಂದಿಟ್ಟುಕೊಳ್ಳೋಣ. ಈ ಒಂದು ಸಂಖ್ಯೆಯಿಂದಲೇ ಕೆಲವು ವಾಲ್ವ್‌ಗಳು ಪಟ್ಟಿಯಿಂದ ಹೊರಬೀಳುತ್ತವೆ. 811ಎ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದರ ಪ್ಲೇಟ್ (ಎಲೆಕ್ಟ್ರಾನುಗಳನ್ನು ಎಳೆದುಕೊಳ್ಳುವ ಲೋಹದ ಭಾಗ) ವೋಲ್ಟೇಜ್ ಮಿತಿ 1500. ಅದೇ ಸಾಕೆಟ್ಟಿನಲ್ಲಿ ಕೂರುವ 572ಬಿ 2750 ವೋಲ್ಟ್ ತಾಳುತ್ತದೆ, ಪ್ಲೇಟ್ 160 ವ್ಯಾಟ್ ಶಾಖ ಹೊರುತ್ತದೆ. ಹೀತ್‌ಕಿಟ್‌ನ ಎಸ್‌ಬಿ-200ರಲ್ಲಿ ಇದ್ದದ್ದು ಈ ಬಗೆಯ ಜೋಡಿಯೇ.

ಜಿಯು-74ಬಿಗೆ ಮೂಲ ಮಾಹಿತಿ ಪತ್ರದಲ್ಲಿ ಕೊಟ್ಟಿರುವ ಪ್ಲೇಟ್ ಮಿತಿ 2000 ವೋಲ್ಟ್. ಅದನ್ನು ಮೀರಿ ನಡೆಸಿದವರು ಬೇಕಾದಷ್ಟಿದ್ದಾರೆ. ಆದರೆ ಹೊಸ ವಾಲ್ವಿಗೆ ಮೊದಲ ದಿನವೇ 2475 ವೋಲ್ಟ್ ತೋರಿಸುವುದು ನನಗೆ ಒಪ್ಪಿಗೆಯಿಲ್ಲ. 813ರ ಹವ್ಯಾಸಿ ಬಳಕೆಯ ಮಿತಿ 2250 ವೋಲ್ಟ್, ಪ್ಲೇಟ್ ಶಾಖ ತಲಾ 125 ವ್ಯಾಟ್. ಗಟ್ಟಿಮುಟ್ಟಾದ ವಾಲ್ವ್ ಅದು, 2500ರಲ್ಲೂ ದುಡಿದಿದೆ. 3-500ಝಡ್‌ಗೆ ಮಿತಿ 4000 ವೋಲ್ಟ್. ನಿಮ್ಮ ವೋಲ್ಟೇಜ್ ಅದಕ್ಕೆ ಏನೇನೂ ಅಲ್ಲ.

ಹತ್ತು ಮೀಟರ್ ಕಿವಿ:

ಎರಡು 813 ಸಾಕೆಟ್ ಸಮೇತ ಇರುವಾಗ ಇಷ್ಟು ಲೆಕ್ಕ ಏಕೆ ಎಂಬುದು ನನಗೆ ತಿಳಿಯುತ್ತಿಲ್ಲ. ಬ್ಲೋಯರ್ ಬೇಡ, ಗಾಜಿನ ಮೈಯಿಂದಲೇ ಶಾಖ ಹೊರಗೆ ಹೋಗುತ್ತದೆ. ಫಿಲಮೆಂಟಿಗೂ ಪ್ಲೇಟಿಗೂ ನಡುವೆ ಇರುವ ಕಂಟ್ರೋಲ್ ಗ್ರಿಡ್, ಸ್ಕ್ರೀನ್, ಬೀಮ್ ಪ್ಲೇಟ್ ಮೂರನ್ನೂ ನೆಲಕ್ಕೆ ಕಟ್ಟಿ, ಎಲೆಕ್ಟ್ರಾನ್ ಹೊಮ್ಮಿಸುವ ಫಿಲಮೆಂಟಿಗೆ ಡ್ರೈವ್ ಕೊಟ್ಟರೆ ಸ್ಕ್ರೀನ್ ಸಪ್ಲೈಯೂ ಬೇಡ. ನನ್ನ ಲೀನಿಯರ್ ಹತ್ತು ವರ್ಷಗಳಿಂದ ಹಾಗೆಯೇ ನಡೆಯುತ್ತಿದೆ. 28 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಸ್ವಲ್ಪ ಸೋಮಾರಿ. ಎರಡು ವಾಲ್ವ್ ಸಮಾನಾಂತರವಾಗಿ ಕಟ್ಟಿದ್ದರಿಂದ ಕಪಾಸಿಟೆನ್ಸ್ ಎರಡರಷ್ಟಾಗಿದೆ, ಅದಕ್ಕೆ ಹಾಗೆ. ಒಂದೇ 813 ಹಾಕಿದರೆ ಅದೂ ಸರಿಹೋಗುತ್ತದೆ.

ಪೈ ನೆಟ್‌ವರ್ಕ್:

ಮೇಲಿನ ಮಾತಿನ ಕೊನೆಯ ವಾಕ್ಯವನ್ನು ತಿದ್ದಲೇಬೇಕು, ಏಕೆಂದರೆ ಈ ತಪ್ಪು ತಿಳಿವಳಿಕೆ ಬಹಳ ಹಳೆಯದು ಮತ್ತು ಅದೇ ಜನರನ್ನು ತಪ್ಪು ವಾಲ್ವಿನ ಕಡೆಗೆ ಒಯ್ಯುತ್ತದೆ.

ಲೋಡಿನಲ್ಲಿ 2300 ವೋಲ್ಟ್, ಶಿಖರದಲ್ಲಿ 400 ಮಿಲಿಆಂಪಿಯರ್ ಪ್ಲೇಟ್ ಕರೆಂಟ್ ಎಂದಿಟ್ಟುಕೊಳ್ಳಿ. ಎಬಿ ವರ್ಗದ ಲೀನಿಯರಿಗೆ ಪ್ಲೇಟ್ ಲೋಡ್ ರೆಸಿಸ್ಟೆನ್ಸ್ ತಿಳಿಯಲು ವೋಲ್ಟೇಜನ್ನು ಕರೆಂಟಿನ ಸುಮಾರು 1.6 ಪಟ್ಟಿನಿಂದ ಭಾಗಿಸುತ್ತೇವೆ. 2300ನ್ನು 0.64ರಿಂದ ಭಾಗಿಸಿದರೆ ಸುಮಾರು 3600 ಓಮ್. ಪೈ ನೆಟ್‌ವರ್ಕಿನ (ಟ್ಯಾಂಕ್ ಸರ್ಕ್ಯೂಟಿನ ಒಂದು ಬಗೆ) ಕ್ಯೂ, ಅಂದರೆ ಶ್ರುತಿಯ ತೀಕ್ಷ್ಣತೆಯ ಅಳತೆ, 12 ಇರಲಿ ಎಂದು ಬಯಸಿದರೆ ಪ್ಲೇಟ್ ಕಡೆಯ ಕಪಾಸಿಟರಿನ ರಿಯಾಕ್ಟೆನ್ಸ್ 300 ಓಮ್ ಆಗಬೇಕು. ಅದು 3.6 ಮೆಗಾಹರ್ಟ್ಸ್‌ನಲ್ಲಿ ಸುಮಾರು 147 ಪಿಕೋಫ್ಯಾರಡ್, 14.2ರಲ್ಲಿ 37, 21.2ರಲ್ಲಿ 25, 28.5ರಲ್ಲಿ 18.6 ಮಾತ್ರ.

ಈಗ 813ರ ಔಟ್‌ಪುಟ್ ಕಪಾಸಿಟೆನ್ಸ್ ನೋಡಿ: ಒಂದಕ್ಕೆ 14 ಪಿಕೋಫ್ಯಾರಡ್, ಎರಡಕ್ಕೆ 28. ವೇರಿಯಬಲ್ ಕಪಾಸಿಟರನ್ನು ಇನ್ನೂ ಜೋಡಿಸಿಯೇ ಇಲ್ಲ, 10 ಮೀಟರಿಗೆ ಬೇಕಾದ್ದಕ್ಕಿಂತ ಹತ್ತು ಪಿಕೋಫ್ಯಾರಡ್ ಆಗಲೇ ಹೆಚ್ಚಾಗಿದೆ. ವೈರಿಂಗ್, ಪ್ಲೇಟ್ ಚೋಕ್ ಸೇರಿ 8, ಪೂರ್ತಿ ತೆರೆದ ವೇರಿಯಬಲ್ ಕಪಾಸಿಟರಿನ ಕನಿಷ್ಠ 10 ಎಂದು ಕೂಡಿದರೆ 46 ಆಯಿತು. 28.5 ಮೆಗಾಹರ್ಟ್ಸ್‌ನಲ್ಲಿ ಕ್ಯೂ 30ರ ಹತ್ತಿರ ಹೋಗುತ್ತದೆ, 21ರಲ್ಲಿ 22, 14ರಲ್ಲಿ 15. ಕ್ಯೂ ಏರಿದಷ್ಟೂ ಕಾಯಿಲ್ ಮತ್ತು ಬ್ಯಾಂಡ್ ಸ್ವಿಚ್ಚಿನೊಳಗೆ ಸುತ್ತುವ ಆರ್‌ಎಫ್ ಕರೆಂಟ್ ಏರುತ್ತದೆ. ಆಂಟೆನಾಗೆ ಹೋಗಬೇಕಾದ ಶಕ್ತಿ ಕಾಯಿಲನ್ನು ಕಾಯಿಸುತ್ತದೆ. ತಾವು ಸೋಮಾರಿ ಎಂದದ್ದು ಇದನ್ನೇ.

ಒಂದೇ 813 ಹಾಕಿದರೆ? ಕರೆಂಟ್ 200 ಮಿಲಿಆಂಪಿಯರಿಗೆ ಇಳಿಯುತ್ತದೆ, ಲೋಡ್ ರೆಸಿಸ್ಟೆನ್ಸ್ 7200 ಓಮಿಗೆ ಏರುತ್ತದೆ, ಬೇಕಾದ ಕಪಾಸಿಟೆನ್ಸ್ 9.3 ಪಿಕೋಫ್ಯಾರಡಿಗೆ ಇಳಿಯುತ್ತದೆ. ವಾಲ್ವಿನದು 14. ಮೊದಲು 18.6ರ ಜಾಗದಲ್ಲಿ 28 ಇತ್ತು, ಈಗ 9.3ರ ಜಾಗದಲ್ಲಿ 14 ಇದೆ. ಅನುಪಾತ ಒಂದು ಚೂರೂ ಬದಲಾಗಿಲ್ಲ. ಬದಲಾಗಿ ವೈರಿಂಗಿನ 8, ವೇರಿಯಬಲ್ ಕಪಾಸಿಟರಿನ 10 ಹಾಗೆಯೇ ಉಳಿದು ಸ್ಥಿತಿ ಇನ್ನಷ್ಟು ಕೆಡುತ್ತದೆ. ಹಾಗಾಗಿ ದೋಷ ಸಮಾನಾಂತರ ಜೋಡಣೆಯದಲ್ಲ. ಒಂದು ಪಿಕೋಫ್ಯಾರಡಿಗೆ ವಾಲ್ವ್ ಎಷ್ಟು ಕರೆಂಟ್ ಕೊಡಬಲ್ಲದು ಎಂಬುದೇ ನೋಡಬೇಕಾದ ಅಳತೆ. 3-500ಝಡ್ ಗ್ರೌಂಡೆಡ್ ಗ್ರಿಡ್‌ನಲ್ಲಿ (ಗ್ರಿಡ್ಡನ್ನು ನೆಲಕ್ಕೆ ಕಟ್ಟಿದ ಜೋಡಣೆ) 400 ಮಿಲಿಆಂಪಿಯರನ್ನು ಒಂದೇ ವಾಲ್ವಿನಿಂದ ಕೊಡುತ್ತದೆ, ಗ್ರಿಡ್ ಮತ್ತು ಪ್ಲೇಟ್ ನಡುವಿನ ಕಪಾಸಿಟೆನ್ಸ್ 4.7 ಪಿಕೋಫ್ಯಾರಡ್ ಅಷ್ಟೇ. ಅದೇ 8 ಮತ್ತು 10 ಸೇರಿಸಿದರೂ 23 ದಾಟುವುದಿಲ್ಲ, 10 ಮೀಟರಿನಲ್ಲಿ ಕ್ಯೂ 15. ಜೋಡಿ 813 ಇಪ್ಪತ್ತು ಮೀಟರಿನಲ್ಲಿ (14 ಮೆಗಾಹರ್ಟ್ಸ್) ಪಡೆಯುವುದನ್ನು ಇದು ಹತ್ತು ಮೀಟರಿನಲ್ಲಿ ಪಡೆಯುತ್ತದೆ.

ಹತ್ತು ಮೀಟರ್ ಕಿವಿ:

ಲೆಕ್ಕ ನೋಡಿದೆ, ಒಪ್ಪಿದೆ. ಇಷ್ಟು ವರ್ಷ ಸಮಾನಾಂತರ ಜೋಡಣೆಯನ್ನು ಸುಮ್ಮನೆ ಬೈಯುತ್ತಿದ್ದೆ. 10 ಮೀಟರಿನಲ್ಲಿ ಅರ್ಧ ಗಂಟೆ ಮಾತಾಡಿದ ಮೇಲೆ ಬ್ಯಾಂಡ್ ಸ್ವಿಚ್ಚಿನ ಒಂದು ಸಂಪರ್ಕ ಕಂದು ಬಣ್ಣಕ್ಕೆ ತಿರುಗಿರುವುದು ಏಕೆಂದು ಈಗ ತಿಳಿಯಿತು.

ಎರಡನೇ ಗ್ರಿಡ್:

ಜಿಯು-74ಬಿ ಪರವಾಗಿ ಯಾರೂ ಮಾತಾಡಿಲ್ಲ, ಆದ್ದರಿಂದ ನಾನೇ ಆಡುತ್ತೇನೆ. ಕೊನೆಯಲ್ಲಿ ಅದನ್ನು ಬೇಡ ಎನ್ನುವವನೂ ನಾನೇ.

ವಾಲ್ವ್ ಸೊಗಸಾದದ್ದು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಲೋಹ ಮತ್ತು ಸೆರಾಮಿಕ್ಕಿನ ವಸ್ತು, ಪ್ಲೇಟ್ 600 ವ್ಯಾಟ್ ಶಾಖ ಹೊರುತ್ತದೆ. ಗ್ರಿಡ್ಡಿಗೆ 50 ಓಮ್ ರೆಸಿಸ್ಟರ್ ಹಾಕಿ ಡ್ರೈವ್ ಕೊಟ್ಟರೆ ಟ್ರಾನ್ಸೀವರಿನಿಂದ 30-40 ವ್ಯಾಟ್ ಸಾಕು, ಬ್ಯಾಂಡಿಗೊಂದು ಇನ್‌ಪುಟ್ ಸರ್ಕ್ಯೂಟ್ ಕಟ್ಟುವ ಗೋಜಿಲ್ಲ. ಮಾತಿನ ಶುದ್ಧತೆಯ ವಿಷಯದಲ್ಲಿ ಚೆನ್ನಾಗಿ ಹೊಂದಿಸಿದ ಟೆಟ್ರೋಡ್‌ಗೆ (ಇದರಂತೆ ಸ್ಕ್ರೀನ್ ಸೇರಿ ನಾಲ್ಕು ಎಲೆಕ್ಟ್ರೋಡುಗಳ ವಾಲ್ವ್) ಸಮನಾದದ್ದು ಕಡಿಮೆ.

ಆದರೆ ಅದರ ಸುತ್ತ ಕಟ್ಟಬೇಕಾದ್ದನ್ನು ನೋಡಿ. 12.6 ವೋಲ್ಟ್, 3.6 ಆಂಪಿಯರಿನ ಹೀಟರ್, ಹೈ ವೋಲ್ಟೇಜ್ ಕೊಡುವ ಮೊದಲು 150 ಸೆಕೆಂಡ್ ಕಾಯಿಸುವ ಟೈಮರ್. ಹೀಟರ್ ಉರಿಯುತ್ತಿರುವಷ್ಟು ಹೊತ್ತೂ ಗಾಳಿ, ಆರಿಸಿದ ಮೇಲೂ ಕೆಲವು ನಿಮಿಷ ಗಾಳಿ. ಸ್ಥಿರವಾದ ಬಯಾಸ್ (ಗ್ರಿಡ್ಡಿಗೆ ಕೊಡುವ ಋಣ ವೋಲ್ಟೇಜ್). ಎಲ್ಲಕ್ಕಿಂತ ಮುಖ್ಯವಾಗಿ ರೆಗ್ಯುಲೇಟೆಡ್ ಸ್ಕ್ರೀನ್ ಸಪ್ಲೈ. ಸ್ಕ್ರೀನ್ ಕರೆಂಟ್ ಕೆಲವೊಮ್ಮೆ ಹಿಮ್ಮುಖವಾಗಿ ಹರಿಯುವುದರಿಂದ ಆ ಸಪ್ಲೈ ಕರೆಂಟ್ ಕೊಡುವುದಷ್ಟೇ ಅಲ್ಲ, ನುಂಗುವುದನ್ನೂ ಬಲ್ಲದ್ದಾಗಿರಬೇಕು.

ಇದನ್ನು ನಾನು ಕಲಿತದ್ದು ಒಂದು ವಾಲ್ವ್ ಕಳೆದುಕೊಂಡು. ನನ್ನ ಮೊದಲ ಟೆಟ್ರೋಡ್ ಲೀನಿಯರಿನಲ್ಲಿ ಪ್ಲೇಟ್ ಸಪ್ಲೈಯ ಫ್ಯೂಸ್ ಮಾತಿನ ನಡುವೆ ಹೋಯಿತು. ಸ್ಕ್ರೀನ್ ಸಪ್ಲೈ ಬೇರೆ ಟ್ರಾನ್ಸ್‌ಫಾರ್ಮರಿನಿಂದ ಬರುತ್ತಿದ್ದರಿಂದ ಅದು ಇದ್ದಂತೆಯೇ ಇತ್ತು. ಪ್ಲೇಟಿನಲ್ಲಿ ಎಳೆಯುವ ವೋಲ್ಟೇಜ್ ಇಲ್ಲದಾಗ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳೆಲ್ಲ ಸ್ಕ್ರೀನಿನ ತೆಳ್ಳನೆಯ ತಂತಿಗಳ ಮೇಲೆ ಬಿದ್ದವು. ಜಿಯು-74ಬಿಯ ಸ್ಕ್ರೀನ್ ತಾಳುವುದು 15 ವ್ಯಾಟ್. ಶಬ್ದವಿಲ್ಲ, ಹೊಗೆಯಿಲ್ಲ. ಸ್ಕ್ರೀನ್ ಮೀಟರಿನ ಮುಳ್ಳು ಬಲಗಡೆಯ ಕಡ್ಡಿಗೆ ಬಡಿದು ನಿಂತದ್ದನ್ನು ನೋಡಿ, ಮೀಟರ್ ಕೆಟ್ಟಿತೇನೋ ಎಂದು ಬೆರಳಿನಿಂದ ಗಾಜನ್ನು ತಟ್ಟಿದೆ. ತಟ್ಟುವ ಬದಲು ಸ್ವಿಚ್ ಆರಿಸಿದ್ದರೆ ವಾಲ್ವ್ ಉಳಿಯುತ್ತಿತ್ತೇನೋ. ಪ್ಲೇಟ್ ವೋಲ್ಟೇಜ್ ಇಲ್ಲದಿದ್ದರೆ ಸ್ಕ್ರೀನಿಗೂ ವೋಲ್ಟೇಜ್ ಹೋಗದಂತೆ ರಿಲೇ ಹಾಕುವುದು, ಸ್ಕ್ರೀನ್ ಕರೆಂಟ್ ಮಿತಿ ಮೀರಿದರೆ ಕಡಿತಗೊಳಿಸುವುದು, ಇವೆರಡನ್ನು ಮೊದಲು ಕಟ್ಟಿ ಪರೀಕ್ಷಿಸದೆ ಟೆಟ್ರೋಡನ್ನು ಸಾಕೆಟ್ಟಿಗೆ ಹಾಕಬಾರದು.

ಮೊದಲ ಲೀನಿಯರ್ ಕಟ್ಟುವವರಿಗೆ, ಅದೂ ಸಾಕೆಟ್ ಇಲ್ಲದೆ, 1750 ವೋಲ್ಟಿನ ಟ್ರಾನ್ಸ್‌ಫಾರ್ಮರಿನೊಂದಿಗೆ, ಇದನ್ನು ನಾನು ಹೇಳುವುದಿಲ್ಲ. ಪೆಟ್ಟಿಗೆಯಲ್ಲೇ ಇರಲಿ. ಆರು ತಿಂಗಳಿಗೊಮ್ಮೆ ಗಾಳಿ ಕೊಟ್ಟು ಹೀಟರ್ ಮಾತ್ರ ಕೆಲವು ಗಂಟೆ ಉರಿಸಿ. ಕೂಡಿಟ್ಟ ಸೆರಾಮಿಕ್ ವಾಲ್ವಿನೊಳಗೆ ಸೇರಿದ ಅನಿಲವನ್ನು ಗೆಟರ್ ಹೀರಿಕೊಳ್ಳಲು ಬಿಸಿ ಬೇಕು.

ಹೊಸ ಕರೆಗುರುತು:

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ಟಿವಿಯ ಪಿಎಲ್519 ವಾಲ್ವ್‌ಗಳನ್ನು ನಾಲ್ಕು ಸೇರಿಸಿ, ಟ್ರಾನ್ಸ್‌ಫಾರ್ಮರೇ ಇಲ್ಲದೆ ಮನೆಯ ವಿದ್ಯುತ್ತನ್ನು ನೇರವಾಗಿ ವೋಲ್ಟೇಜ್ ಡಬ್ಲರಿಗೆ ಕೊಟ್ಟು ಲೀನಿಯರ್ ಕಟ್ಟಿದ ಚಿತ್ರವೊಂದನ್ನು ನೋಡಿದ್ದೆ. ಅದು ಇವರಿಗೆ ಆಗುವುದಿಲ್ಲವೇ? ಭಾರವೂ ಕಡಿಮೆ.

ಹಳೆಯ ಬೆಸುಗೆ:

ಕ್ಷಮೆ ಕೇಳುವ ಅಗತ್ಯವಿಲ್ಲ, ಪ್ರಶ್ನೆ ನ್ಯಾಯವಾದದ್ದೇ. ಪಿಎಲ್519ರ ಹೀಟರ್ 40 ವೋಲ್ಟ್, 0.3 ಆಂಪಿಯರ್, ನಾಲ್ಕನ್ನು ಸರಣಿಯಲ್ಲಿ ಕಟ್ಟಿದರೆ 160 ವೋಲ್ಟ್, ಹಾಗಾಗಿ ಟ್ರಾನ್ಸ್‌ಫಾರ್ಮರ್ ಬಿಡುವ ಆಸೆ ಹುಟ್ಟುತ್ತದೆ. ಆದರೆ ಹಾಗೆ ಕಟ್ಟಿದ ಪೆಟ್ಟಿಗೆಯಲ್ಲಿ ಸರ್ಕ್ಯೂಟಿನ ನೆಲವೇ ಮನೆಯ ವಿದ್ಯುತ್ ತಂತಿಗೆ ಸೇರಿರುತ್ತದೆ. ಪ್ಲಗ್ಗನ್ನು ತಿರುಗಿಸಿ ಹಾಕಿದರೆ, ಅಥವಾ ವೈರಿಂಗಿನಲ್ಲಿ ಎಲ್ಲೋ ನ್ಯೂಟ್ರಲ್ ಕಡಿದುಹೋದರೆ, ಮೈಕಿನ ಲೋಹದ ಕತ್ತು, ಆಂಟೆನಾದ ಕೇಬಲ್ ಎಲ್ಲವೂ ಜೀವಂತ ತಂತಿ. ಸಂಪರ್ಕ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ಕಟ್ಟಲು ನಾನು ಯಾರಿಗೂ ಹೇಳಲಾರೆ. ಟ್ರಾನ್ಸ್‌ಫಾರ್ಮರ್ ಹಾಕಿ 900-1000 ವೋಲ್ಟಿನಲ್ಲಿ ನಡೆಸಿದರೆ ಅದು ಕಲಿಯಲು ಒಳ್ಳೆಯ ಯಂತ್ರವೇ. ಒಂದೊಂದರ ಪ್ಲೇಟ್ 35 ವ್ಯಾಟಿನದು, ಟ್ಯೂನ್ ಮಾಡುವಾಗ ಹತ್ತು ಸೆಕೆಂಡಿಗಿಂತ ಹೆಚ್ಚು ಕೀ ಒತ್ತಬಾರದು ಎಂಬ ಶಿಸ್ತು ಬೇಕು. ಇವರ ಟ್ರಾನ್ಸ್‌ಫಾರ್ಮರಿನ ವೋಲ್ಟೇಜಿಗೂ ಅದಕ್ಕೂ ಮಾತ್ರ ಸಂಬಂಧವಿಲ್ಲ.

ಎಂಬತ್ತು ಮೀಟರ್:

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. 3-500ಝಡ್ ಕಡೆಗೆ ಮನಸ್ಸು ವಾಲುತ್ತಿದೆ. ಎರಡು ಅನುಮಾನಗಳಿವೆ. ಎರಡು 813ಕ್ಕೆ ಸೇರಿ ಪ್ಲೇಟ್ ಶಾಖದ ಮಿತಿ 250 ವ್ಯಾಟ್ ಮಾತ್ರ. ಅದು ಮಾತಿಗೆ ಸಾಕು ಎನ್ನುವವರೂ ಇದ್ದಾರಲ್ಲ? ಮತ್ತೆ, ಆ ಬಳಸಿದ 3-500ಝಡ್ ಒಳ್ಳೆಯದೋ ಅಲ್ಲವೋ ಎಂದು ಲೀನಿಯರ್ ಕಟ್ಟುವ ಮೊದಲೇ ತಿಳಿಯುವುದು ಹೇಗೆ? ಸಾಮಾನ್ಯ ವಾಲ್ವ್‌ಗಳಲ್ಲಿ ಕಾಣುವ ಬೆಳ್ಳಿಯಂಥ ಕನ್ನಡಿ ಅದರ ಗಾಜಿನೊಳಗೆ ಎಲ್ಲೂ ಇಲ್ಲ. ಗಾಳಿ ಹೊಕ್ಕಿದೆಯೇ ಎಂಬ ಭಯ.

ಪೈ ನೆಟ್‌ವರ್ಕ್:

ಮೊದಲ ಅನುಮಾನಕ್ಕೆ ನಾನು ಉತ್ತರಿಸುತ್ತೇನೆ. 2300 ವೋಲ್ಟ್, 400 ಮಿಲಿಆಂಪಿಯರ್ ಎಂದರೆ 920 ವ್ಯಾಟ್ ಇನ್‌ಪುಟ್. ನೂರಕ್ಕೆ ಅರವತ್ತು ದಕ್ಷತೆ ಹಿಡಿದರೆ 550 ವ್ಯಾಟ್ ಹೊರಗೆ, 370 ವ್ಯಾಟ್ ಪ್ಲೇಟಿನ ಮೇಲೆ. ಎಸ್‌ಎಸ್‌ಬಿ ಮಾತಿನಲ್ಲಿ ಈ ಶಿಖರ ಕ್ಷಣಮಾತ್ರ ಬಂದು ಹೋಗುವುದರಿಂದ ಸರಾಸರಿ ಶಾಖ ಬಹಳ ಕಡಿಮೆ, ಜೋಡಿ 813 ನಿಭಾಯಿಸುತ್ತದೆ. ಆದರೆ ಮಾತನ್ನು ಹೆಚ್ಚು ಕಂಪ್ರೆಸ್ ಮಾಡಿದರೆ, ಅಥವಾ ನಾಳೆ ಎಫ್‌ಟಿ8 (ಕಂಪ್ಯೂಟರಿನಿಂದ ಸಂದೇಶ ಕಳಿಸುವ ಡಿಜಿಟಲ್ ಬಗೆ) ಹುಚ್ಚು ಹಿಡಿದರೆ, ಆ 370 ವ್ಯಾಟ್ ಹದಿಮೂರು ಸೆಕೆಂಡಿನಷ್ಟು ಹೊತ್ತು ಎಡೆಬಿಡದೆ ನಿಲ್ಲುತ್ತದೆ. 3-500ಝಡ್‌ನ 500 ವ್ಯಾಟ್ ಅಲ್ಲಿಯೂ ಸಾಕು. ನಿಮ್ಮ ಟ್ರಾನ್ಸ್‌ಫಾರ್ಮರಿಗೆ ಮಾತ್ರ ಸಾಕಾಗುವುದಿಲ್ಲ: 1750 ವೋಲ್ಟ್, 500 ಮಿಲಿಆಂಪಿಯರ್ ಎಂದರೆ 875 ವಿಎ, ಮತ್ತು ಕಪಾಸಿಟರ್ ಫಿಲ್ಟರಿಗೆ 400 ಮಿಲಿಆಂಪಿಯರ್ ಡಿಸಿ ಕೊಡುವಾಗ ಸೆಕೆಂಡರಿ ತಂತಿಯಲ್ಲಿ ಹರಿಯುವ ಆರ್‌ಎಂಎಸ್ ಕರೆಂಟ್ 500ನ್ನು ಮೀರುತ್ತದೆ. ಮಾತಿಗೆ, ಮೋರ್ಸಿಗೆ ತೊಂದರೆಯಿಲ್ಲ. ಸತತ ಕ್ಯಾರಿಯರ್ ಇರುವ ಬಗೆಗಳಲ್ಲಿ ಅರ್ಧ ಶಕ್ತಿಗೆ ಇಳಿಸಿ.

ಇನ್ನೊಂದು ವಿಷಯ. 2500 ವೋಲ್ಟಿನಲ್ಲಿ 3-500ಝಡ್ ಬಯಾಸ್ ಇಲ್ಲದೆ, ಡ್ರೈವ್ ಇಲ್ಲದೆ ಸುಮ್ಮನೆ ಕುಳಿತರೂ 130 ಮಿಲಿಆಂಪಿಯರ್ ಎಳೆಯುತ್ತದೆ. ಗುಣಿಸಿ ನೋಡಿ, 325 ವ್ಯಾಟ್, ಒಂದು ಮಾತೂ ಆಡದೆ. ಹಾಗಾಗಿ ಕೇಳುವ ಹೊತ್ತಿನಲ್ಲಿ ವಾಲ್ವನ್ನು ಪೂರ್ತಿ ಕಡಿತದಲ್ಲಿಡಲು ಫಿಲಮೆಂಟ್ ಸರ್ಕ್ಯೂಟಿನ ನಡು ತುದಿ ಮತ್ತು ನೆಲದ ನಡುವೆ ಕಿಲೋಓಮುಗಳ ಲೆಕ್ಕದ ಒಂದು ರೆಸಿಸ್ಟರ್ ಬರಲಿ, ಪ್ರಸಾರದ ರಿಲೇ ಅದನ್ನು ಶಾರ್ಟ್ ಮಾಡಲಿ. ಪ್ರಸಾರದಲ್ಲೂ ಕೆಲವು ವೋಲ್ಟಿನ ಝೀನರ್ ಡಯೋಡ್ ಇಟ್ಟರೆ ಸುಮ್ಮನೆ ಹರಿಯುವ ಕರೆಂಟ್ ಇಳಿಯುತ್ತದೆ. ತೀರಾ ಇಳಿಸಬೇಡಿ, ಮಾತು ಒರಟಾಗಿ ಪಕ್ಕದ ಕೇಂದ್ರಗಳಿಗೆ ಚೆಲ್ಲುತ್ತದೆ.

ನೀಲಿ ಹೊಳಪು:

ಎರಡನೇ ಅನುಮಾನ ನನ್ನ ಪಾಲಿಗೆ ಇರಲಿ. ಕನ್ನಡಿ ಇಲ್ಲವೆಂದು ಹೆದರಬೇಡಿ. 807, ಪಿಎಲ್519 ಮುಂತಾದವುಗಳಲ್ಲಿ ಬೇರಿಯಂ ಗೆಟರ್ ಗಾಜಿಗೆ ಬೆಳ್ಳಿಯಂತೆ ಅಂಟಿರುತ್ತದೆ, ಗಾಳಿ ಹೊಕ್ಕರೆ ಹಾಲಿನಂತೆ ಬೆಳ್ಳಗಾಗುತ್ತದೆ. 3-500ಝಡ್‌ನ ಗೆಟರ್ ಪ್ಲೇಟಿನ ಮೇಲೆಯೇ ಬಳಿದ ಜಿರ್ಕೋನಿಯಂ. ಅದು ಕೆಲಸ ಮಾಡಬೇಕಾದರೆ ಪ್ಲೇಟ್ ಬಿಸಿಯೇರಿ ಕೆಂಪಗಾಗಬೇಕು. ಲೋಹದ ಪ್ಲೇಟಿನ 3-500ಝಡ್ ಮಂದವಾದ ಕೆಂಪು ಬಣ್ಣ ತೋರಿಸುವುದು ರೋಗವಲ್ಲ, ಆರೋಗ್ಯ. 811ಎ ಬಳಸಿ ರೂಢಿಯಾದವರು ಇದನ್ನು ಕಂಡು ಗಾಬರಿಯಿಂದ ಸ್ವಿಚ್ ಆರಿಸುವುದುಂಟು. ಗ್ರ್ಯಾಫೈಟ್ ಪ್ಲೇಟಿನ ತಯಾರಿಕೆಗಳಲ್ಲಿ ಈ ಬಣ್ಣ ಅಷ್ಟಾಗಿ ಕಾಣದು.

ವಾಲ್ವನ್ನು ಕೈಗೆ ತೆಗೆದುಕೊಂಡಾಗ ಅಡಿಯ ಐದು ಪಿನ್ನುಗಳನ್ನು ನೋಡಿ. ಫಿಲಮೆಂಟಿನ ಎರಡು ಪಿನ್ನುಗಳ ತುದಿಯಲ್ಲಿ ಬೆಸುಗೆ ಕರಗಿ ಇಳಿದಂತೆ, ಕಪ್ಪಾಗಿ ಒರಟಾಗಿ ಕಂಡರೆ, ಹಿಂದಿನವರು ಗಾಳಿ ಸಾಲದೆ ನಡೆಸಿದ್ದಾರೆ ಎಂದರ್ಥ. ವಾಲ್ವ್ ಸತ್ತಿದೆ ಎಂದು ಎಸೆದ ಎಷ್ಟೋ 3-500ಝಡ್‌ಗಳಲ್ಲಿ ಕೆಟ್ಟಿದ್ದು ಈ ಪಿನ್ನಿನೊಳಗಿನ ಬೆಸುಗೆ ಮಾತ್ರ. ಹಳೆಯದನ್ನು ತೆಗೆದು ಹೆಚ್ಚಿನ ಉಷ್ಣಕ್ಕೆ ಕರಗುವ ಬೆಸುಗೆ ತುಂಬಿದರೆ ಮತ್ತೆ ಎದ್ದುಬರುತ್ತವೆ. ಆ ಬಳಿಕ ಫಿಲಮೆಂಟ್. ಉರಿಯುವಾಗಲೇ ಅದರ ರೆಸಿಸ್ಟೆನ್ಸ್ 5 ವೋಲ್ಟ್ ಭಾಗಿಸು 14.5 ಆಂಪಿಯರ್, ಅಂದರೆ 0.34 ಓಮ್; ತಣ್ಣಗಿದ್ದಾಗ ಅದಕ್ಕಿಂತ ಬಹಳ ಕಡಿಮೆ, ಸಾಮಾನ್ಯ ಮೀಟರ್ ಶಾರ್ಟ್ ಎಂದೇ ತೋರಿಸುತ್ತದೆ, ಗಾಬರಿ ಬೇಡ. ಫಿಲಮೆಂಟಿಗೂ ಗ್ರಿಡ್ಡಿಗೂ ನಡುವೆ ಮಾತ್ರ ಸಂಪರ್ಕ ಇರಲೇಬಾರದು. ಇದನ್ನು ತಣ್ಣಗಿದ್ದಾಗ ಒಮ್ಮೆ, ಹತ್ತು ನಿಮಿಷ ಉರಿಸಿ ಒಮ್ಮೆ ನೋಡಿ. ಬಿಸಿಯಾದಾಗ ಜೋತುಬಿದ್ದು ಗ್ರಿಡ್ಡನ್ನು ಮುಟ್ಟುವ ಫಿಲಮೆಂಟ್ ತಣ್ಣನೆಯ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ವಾಲ್ವನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿಯೇ ನಡೆಸಬೇಕೆನ್ನುವುದೂ ಇದೇ ಕಾರಣಕ್ಕೆ.

ಹೈ ವೋಲ್ಟೇಜ್ ಬಂದ ಮೇಲೆ ಗಾಜಿನ ಒಳಮೈಗೆ ಅಂಟಿದಂತೆ ನೀಲಿ ಬೆಳಕು ಕಂಡರೆ ಅದು ಎಲೆಕ್ಟ್ರಾನುಗಳು ಗಾಜಿಗೆ ತಾಗಿ ಹೊಳೆಯುವುದು, ಚಿಂತೆಯಿಲ್ಲ. ಪ್ಲೇಟ್ ಮತ್ತು ಗ್ರಿಡ್ಡಿನ ನಡುವಿನ ಜಾಗವೇ ನೇರಳೆ ಮಂಜು ತುಂಬಿದಂತೆ ಕಂಡರೆ ಅನಿಲ ಸೇರಿದೆ, ತಕ್ಷಣ ಆರಿಸಿ.

ಹಳೆಯ ಬೆಸುಗೆ:

ಫಿಲಮೆಂಟ್ ವೋಲ್ಟೇಜಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದು 4.75ರಿಂದ 5.25 ವೋಲ್ಟಿನೊಳಗೆ ಇರಬೇಕು, ಮತ್ತು ಅಳೆಯಬೇಕಾದದ್ದು ಟ್ರಾನ್ಸ್‌ಫಾರ್ಮರಿನ ತುದಿಯಲ್ಲಲ್ಲ, ಸಾಕೆಟ್ಟಿನ ಪಿನ್ನಿನಲ್ಲಿ. ಗ್ರೌಂಡೆಡ್ ಗ್ರಿಡ್‌ನಲ್ಲಿ ಫಿಲಮೆಂಟ್ ಚೋಕ್ ಮೂಲಕವೇ ಕರೆಂಟ್ ಹೋಗಬೇಕು. ಚೋಕ್ ಮತ್ತು ತಂತಿ ಸೇರಿ 0.02 ಓಮ್ ಇದ್ದರೂ 14.5 ಆಂಪಿಯರಿಗೆ 0.29 ವೋಲ್ಟ್ ಕಳೆದುಹೋಗುತ್ತದೆ. ಐದು ವೋಲ್ಟಿನಲ್ಲಿ ಅದು ಸಣ್ಣ ಮೊತ್ತವಲ್ಲ. ಸಾಕೆಟ್ಟಿನ ಮೂರು ಗ್ರಿಡ್ ಪಿನ್ನುಗಳನ್ನೂ ಅಗಲವಾದ ತಾಮ್ರದ ಪಟ್ಟಿಯಿಂದ ನೇರವಾಗಿ ಛಾಸಿಗೆ ಕಟ್ಟಿ. ಸಾಕೆಟ್ಟಿನ ಕೆಳಗಿಂದ ಮೇಲಕ್ಕೆ ಗಾಳಿ, ಸುತ್ತ ಗಾಜಿನ ಚಿಮಣಿ, ಪ್ಲೇಟ್ ಟೋಪಿಗೆ ರೆಕ್ಕೆಗಳಿರುವ ಕನೆಕ್ಟರ್. ಅಡಿಯ ಗಾಜು-ಲೋಹದ ಸೀಲುಗಳು 200 ಡಿಗ್ರಿ ಸೆಲ್ಸಿಯಸ್ ಮೀರಬಾರದು.

ಇನ್ನು ಹೈ ವೋಲ್ಟೇಜ್. ನೀವು 270 ಮೈಕ್ರೋಫ್ಯಾರಡಿನ, 400 ವೋಲ್ಟಿನ ಎಂಟು ಕಪಾಸಿಟರುಗಳನ್ನು ಸರಣಿಯಲ್ಲಿ ಕಟ್ಟಿದಿರಿ ಎನ್ನೋಣ. ಒಟ್ಟು 34 ಮೈಕ್ರೋಫ್ಯಾರಡ್. 2475 ವೋಲ್ಟಿನಲ್ಲಿ ಅದರೊಳಗೆ ನೂರಕ್ಕೂ ಹೆಚ್ಚು ಜೂಲ್ ಶಕ್ತಿ ಕುಳಿತಿರುತ್ತದೆ. ಮನುಷ್ಯನನ್ನು ಕೊಲ್ಲಲು ಅದು ಬೇಕಾದಷ್ಟಾಯಿತು. ಒಂದೊಂದರ ಮೇಲೂ 100 ಕಿಲೋಓಮ್ ರೆಸಿಸ್ಟರ್ ಹಾಕಿದರೆ, ಸ್ವಿಚ್ ಆರಿಸಿದ ಮೇಲೆ ವೋಲ್ಟೇಜ್ 50ಕ್ಕೆ ಇಳಿಯಲು ಸುಮಾರು 105 ಸೆಕೆಂಡ್ ಬೇಕು. ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಲು ಅಷ್ಟು ಹೊತ್ತು ಹಿಡಿಯುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮುಚ್ಚಳ ತೆಗೆದರೆ ವಿದ್ಯುತ್ ಕಡಿಯುವ ಸ್ವಿಚ್, ಹೈ ವೋಲ್ಟೇಜ್ ಮೀಟರ್, ಉದ್ದನೆಯ ಇನ್ಸುಲೇಟೆಡ್ ಕೋಲಿನ ತುದಿಗೆ ಛಾಸಿಗೆ ಕಟ್ಟಿದ ಕೊಕ್ಕೆ, ಈ ಮೂರೂ ಇರಲಿ. ಮೀಟರ್ ಸೊನ್ನೆ ತೋರಿಸಿದರೂ ಕೊಕ್ಕೆ ಮುಟ್ಟಿಸಿಯೇ ಕೈ ಒಳಗೆ ಹಾಕಬೇಕು. ಮೀಟರೂ ಕೆಡುತ್ತದೆ, ರೆಸಿಸ್ಟರೂ ತುಂಡಾಗುತ್ತದೆ. ಹೈ ವೋಲ್ಟೇಜ್ ತಂತಿಯ ನಡುವೆ 25 ಓಮಿನ ದಪ್ಪ ವೈರ್‌ವೂಂಡ್ ರೆಸಿಸ್ಟರ್ ಒಂದನ್ನು ಹಾಕಿ. ವಾಲ್ವಿನೊಳಗೆ ಎಂದಾದರೂ ಕಿಡಿ ಹಾರಿದರೆ ಕರೆಂಟನ್ನು ನೂರು ಆಂಪಿಯರಿನೊಳಗೆ ಹಿಡಿದಿಡುವುದು ಅದೊಂದೇ.

ಹೊಸ ಕರೆಗುರುತು:

ಇಷ್ಟೆಲ್ಲ ಅಪಾಯ ಇರುವಾಗ, 50 ವೋಲ್ಟಿನ ಟ್ರಾನ್ಸಿಸ್ಟರಿನಲ್ಲೇ ಈ ಕೆಲಸ ಆಗುವುದಿಲ್ಲವೇ?

ಪೈ ನೆಟ್‌ವರ್ಕ್:

ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಬಿಎಲ್‌ಎಫ್188ಎಕ್ಸ್‌ಆರ್ ನಂತಹ ಎಲ್‌ಡಿಮಾಸ್ ಬಗೆಯ ಟ್ರಾನ್ಸಿಸ್ಟರ್ ಒಂದೇ ಇದ್ದರೂ ಕಿಲೋವ್ಯಾಟ್ ಕೊಡಬಲ್ಲದು. ಅದಕ್ಕೆ ಬ್ಯಾಂಡಿಗೊಂದು ಲೋ ಪಾಸ್ ಫಿಲ್ಟರ್, ತಾಮ್ರದ ಹೀಟ್ ಸ್ಪ್ರೆಡರ್, ಮೈಕ್ರೋಸೆಕೆಂಡುಗಳಲ್ಲಿ ಎಚ್ಚೆತ್ತುಕೊಳ್ಳುವ ರಕ್ಷಣಾ ಸರ್ಕ್ಯೂಟ್ ಬೇಕು. ಆಂಟೆನಾ ಕಳಚಿಬಿದ್ದರೆ ವಾಲ್ವ್ ಕೆಲವು ಸೆಕೆಂಡ್ ಕೆಂಪಗಾಗಿ ಗೊಣಗುತ್ತದೆ. ರಕ್ಷಣೆ ಸರಿಯಿಲ್ಲದ ಟ್ರಾನ್ಸಿಸ್ಟರಿಗೆ ಗೊಣಗಲು ಸಮಯವೂ ಇರುವುದಿಲ್ಲ. ಇವರ ಹತ್ತಿರ ಇರುವುದು 1750 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಆದ್ದರಿಂದ ಮಾತು ವಾಲ್ವಿನದೇ.

ಎಂಬತ್ತು ಮೀಟರ್:

ಮೂರು ತಿಂಗಳ ಮೇಲೆ ಮರಳಿ ಬರೆಯುತ್ತಿದ್ದೇನೆ. 3-500ಝಡ್ ತೆಗೆದುಕೊಂಡೆ. ಒಂದು ಪಿನ್ನಿನ ಬೆಸುಗೆ ನೀಲಿ ಹೊಳಪು ಅವರು ಹೇಳಿದಂತೆಯೇ ಕಪ್ಪಾಗಿತ್ತು. ತೆಗೆದು ಹೊಸದು ತುಂಬಿದೆ. ಟ್ರಾನ್ಸ್‌ಫಾರ್ಮರಿನ ತುದಿಯಲ್ಲಿ ಸರಿಯಾಗಿ 5.1 ವೋಲ್ಟ್ ಇದ್ದದ್ದು ಸಾಕೆಟ್ಟಿನಲ್ಲಿ ಅಳೆದಾಗ 4.68! ತಂತಿಯನ್ನು ಒಂದು ಮೊಳದಷ್ಟು ಮೊಟಕುಗೊಳಿಸಿ, ಚೋಕನ್ನು ದಪ್ಪ ತಂತಿಯಲ್ಲಿ ಮತ್ತೆ ಸುತ್ತಿದ ಮೇಲೆ 4.92ಕ್ಕೆ ಬಂತು. ಹೈ ವೋಲ್ಟೇಜ್ ಕೊಡುವ ಮೊದಲು ಒಂದು ಹಗಲು ಒಂದು ರಾತ್ರಿ ಗಾಳಿಯೊಂದಿಗೆ ಫಿಲಮೆಂಟ್ ಮಾತ್ರ ಉರಿಸಿದೆ.

ಮೊದಲ ಸಲ ಪ್ರಸಾರದ ರಿಲೇ ಒತ್ತಿದಾಗ 5.1 ವೋಲ್ಟಿನ ಝೀನರಿನೊಂದಿಗೆ ಪ್ಲೇಟ್ ಕರೆಂಟ್ 85 ಮಿಲಿಆಂಪಿಯರ್. 14 ಮೆಗಾಹರ್ಟ್ಸ್‌ನಲ್ಲಿ 60 ವ್ಯಾಟ್ ಡ್ರೈವಿಗೆ 540 ವ್ಯಾಟ್, 28ರಲ್ಲಿ 490. ಲೋಡಿನಲ್ಲಿ ವೋಲ್ಟೇಜ್ 2280. ಕೋಣೆಯ ದೀಪ ಆರಿಸಿ ಜಾಲರಿಯ ಕಿಂಡಿಯಿಂದ ನೋಡಿದರೆ, ಉದ್ದ ಮಾತಿನ ಕೊನೆಯಲ್ಲಿ ಪ್ಲೇಟಿನ ಒಂದು ಮೂಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಕೇಳುವ ಸರದಿ ಬಂದಾಗ ಎರಡು ಉಸಿರಿನಷ್ಟು ಹೊತ್ತಿನಲ್ಲಿ ಕಪ್ಪಾಗುತ್ತದೆ. ಒಂದು ಮೂಲೆ ಮಾತ್ರ ಏಕೆ ಎಂಬುದೊಂದೇ ಈಗ ಉಳಿದ ಪ್ರಶ್ನೆ.

ನೀಲಿ ಹೊಳಪು:

ಹೆಚ್ಚಾಗಿ ಗಾಳಿ ಒಂದೇ ಪಕ್ಕದಿಂದ ಏರುತ್ತಿದೆ, ಇಲ್ಲವೇ ಚಿಮಣಿ ಸಾಕೆಟ್ಟಿನ ಮೇಲೆ ಓರೆಯಾಗಿ ಕುಳಿತಿದೆ. ಆರಿಸಿ, ಕೊಕ್ಕೆ ಮುಟ್ಟಿಸಿ, ವಾಲ್ವ್ ತಣ್ಣಗಾದ ಮೇಲೆ ಚಿಮಣಿಯನ್ನು ಅಲ್ಲಾಡಿಸಿ ನೋಡಿ.

ಎಂಬತ್ತು ಮೀಟರ್:

ಓರೆಯಾಗಿಯೇ ಇತ್ತು. ಒಂದು ಹಿಡಿಕೆ ಚಿಮಣಿಯ ಅಂಚಿನ ಕೆಳಗೆ ಸಿಕ್ಕಿಕೊಂಡಿತ್ತು. ಈಗ ಬಣ್ಣ ಸುತ್ತಲೂ ಸಮನಾಗಿ ಬರುತ್ತಿದೆ. ಎರಡು 813ಗಳನ್ನು 3.5 ಮೆಗಾಹರ್ಟ್ಸ್‌ಗೆ ಮಾತ್ರ ಒಂದು ಬೇರೆ ಪೆಟ್ಟಿಗೆಯಲ್ಲಿ ಕಟ್ಟಲು ಆರಂಭಿಸಿದ್ದೇನೆ. ಅಲ್ಲಿ 147 ಪಿಕೋಫ್ಯಾರಡಿನ ಜಾಗದಲ್ಲಿ ಅವುಗಳ 28 ಯಾರಿಗೂ ತೊಂದರೆ ಕೊಡುವುದಿಲ್ಲ.